ಒಂದು ವೆಬ್‌ಸೈಟ್ ಕಟ್ಟುತ್ತಾ ಫ್ರಂಟ್‌ಎಂಡ್ ಕಲಿಯುವ ಬಗೆ

ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ. ಕಲಿಸುವವರು ಟೈಪ್ ಮಾಡಿದ್ದನ್ನೇ ನಾವೂ ಟೈಪ್ ಮಾಡುತ್ತೇವೆ. ಅವರ ಪರದೆಯಲ್ಲಿ ಬಂದದ್ದು ನಮ್ಮ ಪರದೆಯಲ್ಲೂ ಬರುತ್ತದೆ. ಮರುದಿನ ಖಾಲಿ ಫೈಲ್ ತೆರೆದು ಕುಳಿತರೆ ಮೊದಲ ಸಾಲು ಏನು ಬರೆಯಬೇಕು ಅಂತಲೇ ತೋಚುವುದಿಲ್ಲ. ಆಗ ಇದು ನಮಗೆ ಒಗ್ಗುವ ವಿದ್ಯೆಯಲ್ಲವೇನೋ ಅಂತ ಅನುಮಾನ ಹುಟ್ಟುತ್ತದೆ, ಇನ್ನೊಂದು ಕೋರ್ಸ್ ಹುಡುಕಿಕೊಂಡು ಹೋಗುತ್ತೇವೆ. ನಾನೂ ಹೀಗೆ ತಿಂಗಳುಗಟ್ಟಲೆ ಕಳೆದಿದ್ದೇನೆ.

ವಿಡಿಯೊದಲ್ಲಿ ನಿರ್ಧಾರಗಳನ್ನೆಲ್ಲ ಬೇರೆಯವರು ಮೊದಲೇ ಮಾಡಿಟ್ಟಿರುತ್ತಾರೆ. ಪುಟದಲ್ಲಿ ಏನಿರಬೇಕು, ಯಾವುದು ಮೇಲೆ ಬರಬೇಕು, ಈ ಭಾಗಕ್ಕೆ ಯಾವ ಟ್ಯಾಗ್ (ಬರಹದ ಈ ಭಾಗ ಏನು ಅಂತ ಬ್ರೌಸರ್‌ಗೆ ಹೇಳುವ ಗುರುತು), ಕೆಟ್ಟರೆ ಎಲ್ಲಿ ಹುಡುಕಬೇಕು, ಇದೆಲ್ಲ ಅವರ ಯೋಚನೆ. ನಮ್ಮ ಪಾಲಿಗೆ ಉಳಿಯುವುದು ಬೆರಳಿನ ಕೆಲಸ. ಆದರೆ ಈ ವಿದ್ಯೆಯ ಹೆಚ್ಚಿನ ಪಾಲು ಇರುವುದೇ ಆ ನಿರ್ಧಾರಗಳಲ್ಲಿ. ಅವನ್ನು ನಾವೇ ಮಾಡಿ, ಎಡವಿ, ಸರಿಪಡಿಸಿಕೊಳ್ಳಬೇಕಾದರೆ ನಮ್ಮದೇ ಒಂದು ಸೈಟ್ ಕೈಯಲ್ಲಿರಬೇಕು.

ಯಾವ ಸೈಟ್? ಇಲ್ಲೇ ಮೊದಲ ನಿರ್ಧಾರ. ದೊಡ್ಡ ಶಾಪಿಂಗ್ ಸೈಟ್ ಅಥವಾ ವಿಡಿಯೊ ಸೈಟ್‌ನ ನಕಲು ಮಾಡಲು ಹೊರಡಬೇಡಿ. ಅವುಗಳಲ್ಲಿ ಕಣ್ಣಿಗೆ ಕಾಣುವ ಭಾಗ ಸಣ್ಣದು. ಲಾಗಿನ್, ಹಣ ಪಾವತಿ, ಲಕ್ಷಾಂತರ ವಸ್ತುಗಳ ವಿವರ ಎಲ್ಲ ಸರ್ವರ್ ಮತ್ತು ಡೇಟಾಬೇಸ್‌ನ ಕೆಲಸ, ಅಂದರೆ ಬ್ಯಾಕ್‌ಎಂಡ್. ಓದುಗರ ಬ್ರೌಸರ್‌ನಲ್ಲಿ ಕಾಣುವ ಮತ್ತು ಅಲ್ಲೇ ನಡೆಯುವ ಭಾಗ ಫ್ರಂಟ್‌ಎಂಡ್. ಅದನ್ನಷ್ಟೇ ಬೇಡುವ ಸಣ್ಣ ಸೈಟ್ ಆರಿಸಿಕೊಳ್ಳಿ. ನನ್ನ ಮೊದಲ ಸೈಟ್ ನಾನು ಓದಿದ ಪುಸ್ತಕಗಳ ಪಟ್ಟಿ. ಈ ಲೇಖನದಲ್ಲೂ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನಿಮ್ಮದು ಗಿಡಗಳ ಪಟ್ಟಿ ಇರಬಹುದು, ನಡೆದ ಬೆಟ್ಟಗಳ ದಾಖಲೆ ಇರಬಹುದು. ಒಂದು ಮಾತು ಮಾತ್ರ ಮುಖ್ಯ: ಅದರಲ್ಲಿರುವ ವಿಷಯ ನಿಜವಾಗಿಯೂ ನಿಮ್ಮದಾಗಿರಬೇಕು. ಸುಮ್ನೆ ತುಂಬಿಸಿದ ಅರ್ಥವಿಲ್ಲದ ಸಾಲುಗಳಲ್ಲಿ ಪುಟ ಯಾವಾಗಲೂ ಅಚ್ಚುಕಟ್ಟಾಗಿಯೇ ಕಾಣುತ್ತದೆ. ನಿಜವಾದ ಪುಸ್ತಕದ ಹೆಸರು ಒಂದು ಮೂರಕ್ಷರ ಇರುತ್ತದೆ, ಇನ್ನೊಂದು ಎರಡು ಸಾಲು ತುಂಬುತ್ತದೆ. ಒಂದಕ್ಕೆ ಮುಖಪುಟದ ಚಿತ್ರ ಸಿಗುವುದೇ ಇಲ್ಲ. ಕಲಿಕೆ ಶುರುವಾಗುವುದು ಅಂಥ ಕಡೆ.

ಮೂರು ಭಾಷೆಗಳು ಯಾಕೆ

ಎಚ್‌ಟಿಎಮ್‌ಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್. ಇವನ್ನು ಎಲುಬು, ಚರ್ಮ, ಮೆದುಳು ಅಂತ ಹೋಲಿಸಿ ಹೇಳುವ ರೂಢಿಯಿದೆ. ನನಗೆ ಹೋಲಿಕೆಗಿಂತ ಇವು ಹುಟ್ಟಿದ ಕಥೆಯೇ ಜಾಸ್ತಿ ಸಹಾಯ ಮಾಡಿತು.

1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದರು. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಚದುರಿಹೋಗಿದ್ದ ಮಾಹಿತಿಯನ್ನು ಲಿಂಕ್‌ಗಳಿಂದ ಜೋಡಿಸುವ ಯೋಜನೆಯನ್ನು ಅವರು ಮುಂದಿಟ್ಟರು. 1991ರಲ್ಲಿ ವೆಬ್ ಹೊರಜಗತ್ತಿಗೆ ತೆರೆಯಿತು. ಆಗಿನ ಎಚ್‌ಟಿಎಮ್‌ಎಲ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ಟ್ಯಾಗ್‌ಗಳು: ತಲೆಬರಹ, ಪ್ಯಾರಾ, ಪಟ್ಟಿ, ಲಿಂಕ್. ಒಂದು ಬರಹದ ಯಾವ ಭಾಗ ಏನು ಅಂತ ಹೇಳುವುದೇ ಅದರ ಕೆಲಸ. ಇಂದಿಗೂ ಅದೇ ಕೆಲಸ.

ಚೆಂದದ ವಿಷಯ ಆಮೇಲೆ ಬಂತು. 1994ರಲ್ಲಿ ಹಾಕನ್ ವಿಯಂ ಲೀ ಸಿಎಸ್ಎಸ್‌ನ ಪ್ರಸ್ತಾಪ ಬರೆದರು, 1996ರ ಡಿಸೆಂಬರ್‌ನಲ್ಲಿ ಅದರ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಯಿತು. ಬಣ್ಣ, ಅಳತೆ, ಜಾಗ ಎಲ್ಲವನ್ನೂ ಬರಹದಿಂದ ಬೇರೆಯಾಗಿ ಇಡಬೇಕು ಎಂಬುದು ಅದರ ಆಸೆ. ನಡುವೆ 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 10 ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದಿದ್ದರು. ಪುಟ ಬಂದು ನಿಂತ ಮೇಲೂ ಅದರಲ್ಲಿ ಏನಾದರೂ ನಡೆಯಬೇಕು ಎಂಬ ಬೇಡಿಕೆಗೆ ಅದು ಉತ್ತರ. ಜಾವಾ ಎಂಬ ಭಾಷೆಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ.

ಅಂದರೆ ಮೂರೂ ಬೇರೆ ಬೇರೆ ಅಗತ್ಯಕ್ಕೆ, ಬೇರೆ ಬೇರೆಯವರ ಕೈಯಲ್ಲಿ ಹುಟ್ಟಿದವು. ಹಾಗಾಗಿಯೇ ಅವುಗಳ ಬರವಣಿಗೆ, ಸ್ವಭಾವ, ಕೆಡುವ ರೀತಿ ಎಲ್ಲವೂ ಬೇರೆ. ನಿಮ್ಮ ಸೈಟನ್ನೂ ಇದೇ ಪದರಗಳಲ್ಲಿ ಕಟ್ಟಿ. ಮೊದಲು ಬರಹ, ಆಮೇಲೆ ರೂಪ, ಕೊನೆಗೆ ಚಲನೆ.

ಮೊದಲ ವಾರ: ಬರೀ ಬರಹ

ಒಂದು ಫೋಲ್ಡರ್, ಅದರಲ್ಲಿ ‘ಇಂಡೆಕ್ಸ್’ ಹೆಸರಿನ ಒಂದು ಎಚ್‌ಟಿಎಮ್‌ಎಲ್ ಫೈಲ್, ಒಂದು ಎಡಿಟರ್, ಒಂದು ಬ್ರೌಸರ್. ಶುರು ಮಾಡಲು ಇಷ್ಟು ಸಾಕು. ಎಡಿಟರ್ ಯಾವುದಾದರೂ ಆದೀತು. ನಾನು ಉಚಿತವಾಗಿ ಸಿಗುವ ವಿಎಸ್ ಕೋಡ್ ಬಳಸುತ್ತೇನೆ.

ಫೈಲ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಪುಟದಲ್ಲಿ ಇರಬೇಕಾದ್ದನ್ನೆಲ್ಲ ಮೇಲಿನಿಂದ ಕೆಳಕ್ಕೆ ಬರೆಯಿರಿ. ಸೈಟ್‌ನ ಹೆಸರು. ಎರಡು ಸಾಲಿನ ಪರಿಚಯ. ಪುಸ್ತಕಗಳ ಪಟ್ಟಿ. ಪ್ರತಿ ಪುಸ್ತಕಕ್ಕೂ ಹೆಸರು, ಬರೆದವರು, ಪುಟಗಳ ಸಂಖ್ಯೆ, ಒಂದು ಚಿತ್ರ, ನಿಮ್ಮ ಅನಿಸಿಕೆ. ಈಗ ಪ್ರತಿಯೊಂದರ ಪಕ್ಕದಲ್ಲಿ ‘ಇದು ಏನು?’ ಅಂತ ಕೇಳಿಕೊಳ್ಳಿ. ಸೈಟ್‌ನ ಹೆಸರು ಮುಖ್ಯ ತಲೆಬರಹ, ಅದಕ್ಕೆ ‘ಎಚ್‌1’ ಟ್ಯಾಗ್. ಪುಸ್ತಕದ ಹೆಸರು ಅದರ ಕೆಳಗಿನ ತಲೆಬರಹ, ಅದಕ್ಕೆ ‘ಎಚ್‌2’. ಅನಿಸಿಕೆ ಒಂದು ಪ್ಯಾರಾ, ಅದಕ್ಕೆ ‘ಪಿ’. ಎಲ್ಲ ಸೇರಿ ಒಂದು ಪಟ್ಟಿ, ಅದಕ್ಕೆ ‘ಯುಎಲ್’. ಟ್ಯಾಗ್ ಆರಿಸುವಾಗ ಅಕ್ಷರ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನೋಡಬೇಡಿ. ಗಾತ್ರ ಬದಲಿಸುವುದು ಸಿಎಸ್ಎಸ್‌ನಲ್ಲಿ ಒಂದು ಸಾಲಿನ ಕೆಲಸ.

ಅರ್ಥ ನೋಡಿ ಟ್ಯಾಗ್ ಆರಿಸುವುದರಿಂದ ಏನು ಲಾಭ? ಬಟನ್ ತೆಗೆದುಕೊಳ್ಳಿ. ‘ಡಿವ್’ ಎಂಬ ಯಾವ ಅರ್ಥವೂ ಇಲ್ಲದ ಡಬ್ಬಿಗೆ ಬಣ್ಣ ಬಳಿದು ಬಟನ್‌ನಂತೆ ಕಾಣಿಸಬಹುದು. ಮೌಸ್‌ನಿಂದ ಒತ್ತಿದರೆ ಕೆಲಸವನ್ನೂ ಮಾಡಿಸಬಹುದು. ಆದರೆ ಕೀಬೋರ್ಡ್‌ನ ಟ್ಯಾಬ್ ಒತ್ತುತ್ತಾ ಬರುವವರಿಗೆ ಅದು ಸಿಗುವುದೇ ಇಲ್ಲ. ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅಲ್ಲೊಂದು ಬಟನ್ ಇದೆ ಅಂತ ಗೊತ್ತಾಗುವುದಿಲ್ಲ. ನಿಜವಾದ ‘ಬಟನ್’ ಟ್ಯಾಗ್ ಬಳಸಿದರೆ ಇಷ್ಟೂ ತಾನಾಗಿ ಬರುತ್ತದೆ. ಒಂದು ಪದ ಬದಲಿಸಿದ್ದಕ್ಕೆ ಇಷ್ಟು ಜನಕ್ಕೆ ಬಾಗಿಲು ತೆರೆಯುತ್ತದೆ ಅಂದರೆ ಅದನ್ನು ಬಿಡಲು ಕಾರಣವೇ ಇಲ್ಲ, ಅಲ್ವಾ? ಚಿತ್ರದಲ್ಲಿ ಏನಿದೆ ಅಂತ ಮಾತಿನಲ್ಲಿ ಹೇಳುವ ‘ಆಲ್ಟ್’ ವಿವರಣೆ ಬರೆಯುವುದೂ ಹೀಗೆಯೇ.

ಕನ್ನಡದಲ್ಲಿ ಪುಟ ಮಾಡುವವರು ಫೈಲ್‌ನ ಮೇಲ್ಭಾಗದಲ್ಲಿರುವ, ಪುಟದಲ್ಲಿ ಕಾಣದ ‘ಹೆಡ್’ ಭಾಗದಲ್ಲಿ ಒಂದು ಸಾಲನ್ನು ಮರೆಯಲೇಬಾರದು. ಫೈಲ್‌ನ ಅಕ್ಷರಗಳು ಯುಟಿಎಫ್-8 ವಿಧಾನದಲ್ಲಿವೆ ಅಂತ ಹೇಳುವ ಸಾಲು ಅದು. ಕಂಪ್ಯೂಟರ್ ಉಳಿಸಿಡುವುದು ಬರೀ ಸಂಖ್ಯೆಗಳನ್ನು. ಯುಟಿಎಫ್-8ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ‘ಕ’ಗೆ 3 ಬೈಟ್ ಬೇಕು. ಬ್ರೌಸರ್ ಇದನ್ನು ಬೇರೆ ವಿಧಾನ ಅಂತ ತಪ್ಪು ತಿಳಿದರೆ ಆ ಮೂರು ಬೈಟ್‌ಗಳನ್ನು ಮೂರು ಬೇರೆ ಚಿಹ್ನೆಗಳಾಗಿ ತೋರಿಸುತ್ತದೆ. ಕನ್ನಡ ಬರೆದ ಕಡೆಯೆಲ್ಲ ಅರ್ಥವಾಗದ ಗೊಂಚಲು ಕಾಣುವುದು ಇದರಿಂದಲೇ. ಜೊತೆಗೆ ಪುಟದ ಭಾಷೆ ಕನ್ನಡ ಅಂತಲೂ ತಿಳಿಸಿ. ಸ್ಕ್ರೀನ್ ರೀಡರ್ ಯಾವ ಉಚ್ಚಾರಣೆಯಲ್ಲಿ ಓದಬೇಕು ಅಂತ ನಿರ್ಧರಿಸುವುದು ಅದನ್ನು ನೋಡಿಯೇ.

ಈ ಹಂತ ಮುಗಿದಾಗ ಪುಟ ಬೋಳಾಗಿ ಕಾಣುತ್ತದೆ. ಇರಲಿ. ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿ ನೋಡಿ. ಬಣ್ಣವಿಲ್ಲದೆಯೂ ಓದಿಸಿಕೊಂಡು ಹೋದರೆ ಬುಡ ಗಟ್ಟಿಯಿದೆ.

ಸಿಎಸ್ಎಸ್: ಎಲ್ಲವೂ ಡಬ್ಬಿ

ತುಂಬಾ ಜನ ಬೇಸತ್ತು ಬಿಡುವುದು ಇಲ್ಲಿ. ಸಿಎಸ್ಎಸ್ ಸುಲಭ ಅಂತ ಹೇಳಿ ಕಲಿಸುತ್ತಾರೆ, ಅದು ಸುಲಭವಲ್ಲ. ಬಣ್ಣ ಬದಲಿಸುವುದು ಸುಲಭ. ಒಂದು ವಸ್ತು ಅದಿರುವ ಜಾಗದಲ್ಲಿ ಯಾಕಿದೆ ಅಂತ ತಿಳಿಯುವುದು ಕಷ್ಟ. ನಿಧಾನವಾಗಿ ನೋಡೋಣ.

ಪುಟದ ಮೇಲಿನ ಪ್ರತಿಯೊಂದೂ ಆಯತದ ಡಬ್ಬಿ. ದುಂಡಗೆ ಕಾಣುವ ಚಿತ್ರವೂ ಒಳಗೆ ಆಯತವೇ. ಪ್ರತಿ ಡಬ್ಬಿಗೂ ನಾಲ್ಕು ಪದರ: ನಡುವೆ ವಿಷಯ, ಅದರ ಸುತ್ತ ಪ್ಯಾಡಿಂಗ್ ಎಂಬ ಒಳಜಾಗ, ಆಮೇಲೆ ಬಾರ್ಡರ್ ಎಂಬ ಅಂಚು, ಅದರಾಚೆ ಮಾರ್ಜಿನ್ ಎಂಬ ಹೊರಜಾಗ. ಒಂದು ಪುಸ್ತಕದ ವಿವರ ಹಿಡಿದ ಡಬ್ಬಿಗೆ, ಅಂದರೆ ಕಾರ್ಡ್‌ಗೆ, 300 ಪಿಕ್ಸೆಲ್ ಅಗಲ, 20 ಪಿಕ್ಸೆಲ್ ಪ್ಯಾಡಿಂಗ್, 2 ಪಿಕ್ಸೆಲ್ ಬಾರ್ಡರ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಪರದೆಯ ಮೇಲೆ ಅದು ಎಷ್ಟು ಅಗಲ ತೆಗೆದುಕೊಳ್ಳುತ್ತದೆ? 300 ಅಲ್ಲ. ಎಡಬಲದ ಪ್ಯಾಡಿಂಗ್ 40, ಎಡಬಲದ ಬಾರ್ಡರ್ 4 ಸೇರಿ 344. ಯಾಕೆಂದರೆ ಮೂಲ ನಿಯಮದಲ್ಲಿ ‘ಅಗಲ’ ಅಂದರೆ ವಿಷಯದ ಅಗಲ ಮಾತ್ರ. 600 ಪಿಕ್ಸೆಲ್ ಜಾಗದಲ್ಲಿ ಎರಡು ಕಾರ್ಡ್ ಪಕ್ಕಪಕ್ಕ ಕೂರಬೇಕಿತ್ತು, ಎರಡನೆಯದು ಯಾಕೆ ಕೆಳಗೆ ಬಿತ್ತು ಎಂಬ ಗೋಳಿಗೆ ಬಹಳ ಸಲ ಇದೇ ಉತ್ತರ. ‘ಬಾಕ್ಸ್ ಸೈಜಿಂಗ್’ ಎಂಬ ಗುಣಕ್ಕೆ ‘ಬಾರ್ಡರ್ ಬಾಕ್ಸ್’ ಎಂಬ ಬೆಲೆ ಕೊಟ್ಟರೆ ಪ್ಯಾಡಿಂಗ್, ಬಾರ್ಡರ್ ಎರಡೂ 300ರ ಒಳಗೇ ಬರುತ್ತವೆ. ನಾನು ಯಾವ ಸೈಟ್ ಶುರು ಮಾಡಿದರೂ ಸಿಎಸ್ಎಸ್ ಫೈಲ್‌ನ ಮೊದಲ ಸಾಲು ಇದೇ.

ಮಾರ್ಜಿನ್‌ಗೆ ಇನ್ನೊಂದು ಸ್ವಭಾವವಿದೆ. ಮೇಲಿನ ಪ್ಯಾರಾಗೆ ಕೆಳಗೆ 30 ಪಿಕ್ಸೆಲ್, ಕೆಳಗಿನ ಪ್ಯಾರಾಗೆ ಮೇಲೆ 20 ಪಿಕ್ಸೆಲ್ ಮಾರ್ಜಿನ್ ಕೊಟ್ಟರೆ ನಡುವೆ 50 ಬರುವುದಿಲ್ಲ, 30 ಬರುತ್ತದೆ. ಸಾಮಾನ್ಯ ಬರಹದಲ್ಲಿ ಮೇಲೆ ಕೆಳಗಿನ ಮಾರ್ಜಿನ್‌ಗಳು ಒಂದರೊಳಗೊಂದು ಸೇರಿ ದೊಡ್ಡದು ಮಾತ್ರ ಉಳಿಯುತ್ತದೆ. ಪ್ಯಾರಾಗಳ ನಡುವೆ ಅಂತರ ಇಮ್ಮಡಿಯಾಗದಿರಲಿ ಅಂತ ಮಾಡಿದ ಏರ್ಪಾಡು ಅದು. ಪಕ್ಕದ ಮಾರ್ಜಿನ್‌ಗಳು ಹೀಗೆ ಸೇರುವುದಿಲ್ಲ. ಮುಂದೆ ಬರುವ ಫ್ಲೆಕ್ಸ್, ಗ್ರಿಡ್ ಎಂಬ ಜೋಡಣೆಯ ವಿಧಾನಗಳ ಒಳಗಿನ ವಸ್ತುಗಳಲ್ಲೂ ಸೇರುವುದಿಲ್ಲ.

ಇನ್ನು ಎರಡು ನಿಯಮಗಳು ಒಂದೇ ವಸ್ತುವಿಗೆ ಬೇರೆ ಬೇರೆ ಬಣ್ಣ ಹೇಳಿದರೆ ಯಾವುದು ಗೆಲ್ಲುತ್ತದೆ? ಕೊನೆಯಲ್ಲಿ ಬರೆದದ್ದು ಅಂತ ಅನಿಸುತ್ತದೆ. ಅದು ಎರಡರ ತೂಕ ಸಮ ಇದ್ದಾಗ ಮಾತ್ರ. ಟ್ಯಾಗ್ ಹೆಸರಿನಿಂದ ಗುರುತಿಸಿದ ನಿಯಮಕ್ಕಿಂತ ಕ್ಲಾಸ್‌ನಿಂದ (ಹಲವು ವಸ್ತುಗಳಿಗೆ ನಾವು ಕೊಡಬಹುದಾದ ಹೆಸರು) ಗುರುತಿಸಿದ್ದಕ್ಕೆ ತೂಕ ಜಾಸ್ತಿ. ಕ್ಲಾಸ್‌ಗಿಂತ ಐಡಿಗೆ (ಒಂದೇ ವಸ್ತುವಿಗೆ ಕೊಡುವ ಹೆಸರು) ಜಾಸ್ತಿ. ಎಷ್ಟೇ ಕ್ಲಾಸ್‌ಗಳನ್ನು ಒಟ್ಟಿಗೆ ಪೇರಿಸಿದರೂ ಒಂದು ಐಡಿಯನ್ನು ಸೋಲಿಸಲಾರವು. ಇದು ತಿಳಿಯದ ದಿನಗಳಲ್ಲಿ ನಾನು ಬಣ್ಣ ಬದಲಾಗದಿದ್ದಾಗಲೆಲ್ಲ ‘ಇಂಪಾರ್ಟೆಂಟ್’ ಎಂಬ ಪದ ಸೇರಿಸುತ್ತಿದ್ದೆ. ಅದು ತೂಕದ ಲೆಕ್ಕವನ್ನೇ ದಾಟಿ ಗೆಲ್ಲುತ್ತದೆ. ಮುಂದಿನ ವಾರ ಅದನ್ನು ಸೋಲಿಸಲು ಇನ್ನೊಂದು ‘ಇಂಪಾರ್ಟೆಂಟ್’ ಬೇಕಾಗುತ್ತಿತ್ತು. ಬಣ್ಣ, ರೂಪಕ್ಕೆಲ್ಲ ಕ್ಲಾಸ್ ಮಾತ್ರ ಬಳಸಿದರೆ ಈ ಜಗಳ ಬಹುಪಾಲು ಏಳುವುದೇ ಇಲ್ಲ.

ಪುಸ್ತಕದ ಕಾರ್ಡ್‌ಗಳನ್ನು ಸಾಲಾಗಿ ಜೋಡಿಸುವ ವಿಷಯದಲ್ಲಿ ಈಗ ಕಲಿಯುವವರು ಅದೃಷ್ಟವಂತರು. ಒಂದು ಕಾಲದಲ್ಲಿ ಇದಕ್ಕೆ ಟೇಬಲ್ ಟ್ಯಾಗ್‌ಗಳನ್ನು ಬಳಸುತ್ತಿದ್ದರು. ಆಮೇಲೆ ‘ಫ್ಲೋಟ್’ ಎಂಬುದನ್ನು, ಚಿತ್ರದ ಪಕ್ಕ ಬರಹ ಹರಿಯಲಿ ಅಂತ ಮಾಡಿದ್ದನ್ನು, ಎಳೆದಾಡಿ ಬಳಸಿದರು. 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಗ್ರಿಡ್ ತಂದ ಮೇಲೆ ಆ ಪಾಡು ತಪ್ಪಿತು. ಒಂದೇ ದಿಕ್ಕಿನ ಜೋಡಣೆಗೆ, ಉದಾಹರಣೆಗೆ ಮೇಲಿನ ಮೆನುಗೆ, ಫ್ಲೆಕ್ಸ್. ಅಡ್ಡ ಸಾಲು ಮತ್ತು ಉದ್ದ ಸಾಲು ಎರಡೂ ಬೇಕಾದಾಗ ಗ್ರಿಡ್. ಗ್ರಿಡ್‌ನಲ್ಲಿ ‘ಒಂದೊಂದು ಕಾರ್ಡ್ ಕನಿಷ್ಠ 250 ಪಿಕ್ಸೆಲ್ ಇರಲಿ, ಹಿಡಿಸಿದಷ್ಟು ಒಂದು ಸಾಲಿನಲ್ಲಿ ಇಡು, ಉಳಿದ ಜಾಗವನ್ನು ಸಮನಾಗಿ ಹಂಚು’ ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಪುಟದ ಅಗಲ 1100 ಪಿಕ್ಸೆಲ್, ಕಾರ್ಡ್‌ಗಳ ನಡುವೆ 20 ಅಂತರ ಇದ್ದರೆ ನಾಲ್ಕು ಕಾರ್ಡ್ ಕೂರುತ್ತವೆ. 360 ಪಿಕ್ಸೆಲ್‌ನ ಫೋನ್‌ನಲ್ಲಿ ಒಂದೇ ಕೂರುತ್ತದೆ. ಫೋನ್‌ಗೆಂದು ಬೇರೆ ನಿಯಮ ಬರೆಯಬೇಕಾಗಿಲ್ಲ.

ಫೋನ್ ಎಂದಾಗ ‘ಹೆಡ್’ ಭಾಗಕ್ಕೆ ‘ವ್ಯೂಪೋರ್ಟ್’ ಸಾಲನ್ನೂ ಸೇರಿಸಿ. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ತಾನು ಸುಮಾರು 980 ಪಿಕ್ಸೆಲ್ ಅಗಲದ ಪರದೆ ಅಂದುಕೊಂಡು ಪುಟವನ್ನು ಜೋಡಿಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಇರುವೆಯಂತೆ ಕಾಣುತ್ತದೆ.

ಅಕ್ಷರದ ಬಗ್ಗೆ ಇನ್ನೆರಡು ಮಾತು. ಇಂಗ್ಲಿಷ್‌ಗೆ ಹೇಳಿಕೊಡುವ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ನಮಗೆ ಕೆಳಗೆ ಒತ್ತಕ್ಷರ ಇದೆ, ಮೇಲೆ ಗುಡಿಸಿನಂಥ ಗುಣಿತದ ಚಿಹ್ನೆ ಇದೆ. ತಲೆಬರಹಕ್ಕೆ ಅಕ್ಷರದ ಗಾತ್ರದ 1.2 ಪಟ್ಟು ಅಂತ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಾನು ತಲೆಬರಹಕ್ಕೆ 1.4, ಬರಹಕ್ಕೆ 1.7ರ ಆಸುಪಾಸು ಇಡುತ್ತೇನೆ. ಇನ್ನು ತಿಳಿ ಬೂದು ಬಣ್ಣದ ಅಕ್ಷರ ನಾಜೂಕಾಗಿ ಕಾಣುತ್ತದೆ ಅಂತ ಆರಿಸುವ ಮೊದಲು ಬಿಸಿಲಿನಲ್ಲಿ ಫೋನ್ ಹಿಡಿದು ನೋಡಿ. ವೆಬ್ ಸೌಲಭ್ಯದ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುತ್ತದೆ. ಬ್ರೌಸರ್‌ನ ಉಪಕರಣಗಳೇ ಆ ಲೆಕ್ಕ ಹಾಕಿ ಕೊಡುತ್ತವೆ.

ಪುಟಕ್ಕೆ ಜೀವ

ಹತ್ತು ಪುಸ್ತಕಗಳ ಕಾರ್ಡ್‌ಗಳನ್ನು ಕೈಯಾರೆ ಎಚ್‌ಟಿಎಮ್‌ಎಲ್‌ನಲ್ಲಿ ಬರೆದ ಮೇಲೆ ಹನ್ನೊಂದನೆಯದು ಬರುವಾಗ ಬೇಸರವಾಗುತ್ತದೆ. ಜಾವಾಸ್ಕ್ರಿಪ್ಟ್ ಶುರು ಮಾಡಲು ಸರಿಯಾದ ಹೊತ್ತು ಅದು. ಬೇಡಿಕೆ ಹುಟ್ಟಿದ ಮೇಲೆ ಕಲಿತದ್ದು ನಿಲ್ಲುತ್ತದೆ.

ಪುಸ್ತಕಗಳ ವಿವರವನ್ನು ಒಂದು ಪಟ್ಟಿಯಾಗಿ ಜಾವಾಸ್ಕ್ರಿಪ್ಟ್‌ನಲ್ಲಿ ಇಡಿ. ಇದಕ್ಕೆ ಅರೇ ಅನ್ನುತ್ತಾರೆ. ಪಟ್ಟಿಯ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡ್ ಮಾಡಿ ಪುಟಕ್ಕೆ ಸೇರಿಸುವ ಒಂದು ಫಂಕ್ಷನ್ (ಹೆಸರು ಹಿಡಿದು ಕರೆದಾಗ ಓಡುವ ಕೋಡ್‌ನ ತುಂಡು) ಬರೆಯಿರಿ, ಅದನ್ನು ‘ಚಿತ್ರಿಸು’ ಅಂತ ಕರೆಯೋಣ. ಈಗ ಒಂದು ಶಿಸ್ತು ಇಟ್ಟುಕೊಳ್ಳಿ. ಏನೇ ಬದಲಾದರೂ ಮೊದಲು ಪಟ್ಟಿಯನ್ನು ಬದಲಿಸಿ, ಆಮೇಲೆ ‘ಚಿತ್ರಿಸು’ ಕರೆಯಿರಿ. ಪುಟವನ್ನು ನೇರವಾಗಿ ಮುಟ್ಟಬೇಡಿ. ಹೊಸ ಪುಸ್ತಕ ಬಂತೇ? ಪಟ್ಟಿಗೆ ಸೇರಿಸಿ, ಚಿತ್ರಿಸಿ. ‘ಕಥೆಗಳು ಮಾತ್ರ ತೋರಿಸು’ ಬಟನ್ ಒತ್ತಿದರೇ? ಪಟ್ಟಿಯಿಂದ ಕಥೆಗಳನ್ನು ಸೋಸಿ, ಚಿತ್ರಿಸಿ. ನಾನು ಮೊದಲು ಹೀಗೆ ಮಾಡಿರಲಿಲ್ಲ. ಒಂದು ಕಡೆ ಕಾರ್ಡ್ ಅಳಿಸುತ್ತಿದ್ದೆ, ಇನ್ನೊಂದು ಕಡೆ ಲೆಕ್ಕ ಬದಲಿಸುವುದನ್ನು ಮರೆಯುತ್ತಿದ್ದೆ. ಪುಟದಲ್ಲಿ 11 ಕಾರ್ಡ್ ಇದ್ದರೂ ಮೇಲೆ ‘12 ಪುಸ್ತಕಗಳು’ ಅಂತ ಇರುತ್ತಿತ್ತು. ಮುಂದೆ ರಿಯಾಕ್ಟ್ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಉಪಕರಣ ಕಲಿತಾಗ ಅದರ ತಿರುಳೂ ಇದೇ ಅಂತ ತಿಳಿಯಿತು: ಮಾಹಿತಿಯನ್ನು ಬದಲಿಸಿ, ಪುಟ ಅದಕ್ಕೆ ತಕ್ಕಂತೆ ತಾನೇ ಬದಲಾಗಲಿ. ಹಾಗಾಗಿ ಮೊದಲ ಸೈಟಿಗೆ ಇಂಥ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್, ಯಾವುದೂ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಚಿತ್ರಿಸು’ ಫಂಕ್ಷನ್‌ನ ಕಷ್ಟ ಉಂಡವರಿಗೆ ಫ್ರೇಮ್‌ವರ್ಕ್ ಒಂದೆರಡು ವಾರದಲ್ಲಿ ಹಿಡಿಸುತ್ತದೆ.

ಹೊಸ ಪುಸ್ತಕದ ವಿವರ ತುಂಬುವ ಫಾರ್ಮ್ ಮಾಡಿದಾಗ ಒಂದು ಪಾಠ ಖಂಡಿತ ಸಿಗುತ್ತದೆ. ಓದಿದ ಒಟ್ಟು ಪುಟಗಳ ಲೆಕ್ಕ ತೋರಿಸಬೇಕು. 0ಯಿಂದ ಶುರು ಮಾಡಿ, ಫಾರ್ಮ್‌ನಲ್ಲಿ ಬಂದ 120 ಮತ್ತು 200ನ್ನು ಕೂಡಿಸಿದರೆ 320 ಬರಬೇಕು ತಾನೆ? ಪರದೆಯ ಮೇಲೆ 0120200 ಬರುತ್ತದೆ. ಫಾರ್ಮ್‌ನ ಖಾನೆಯಿಂದ ಓದಿದ ಬೆಲೆ ಯಾವಾಗಲೂ ಬರಹ, ಅಂಕಿ ಟೈಪ್ ಮಾಡಿದ್ದರೂ ಸರಿ. ಬರಹದ ಜೊತೆ ಕೂಡಿಸುವ ಚಿಹ್ನೆ ಬಳಸಿದರೆ ಜಾವಾಸ್ಕ್ರಿಪ್ಟ್ ಒಂದರ ಹಿಂದೆ ಒಂದು ಅಂಟಿಸುತ್ತದೆ. ಮೊದಲು ಸಂಖ್ಯೆಯಾಗಿ ಬದಲಿಸಿಕೊಂಡು ಕೂಡಿಸಬೇಕು.

ಬರಹದ ಉದ್ದ ಎಣಿಸುವಾಗಲೂ ಕನ್ನಡದವರು ಎಚ್ಚರದಿಂದಿರಬೇಕು. ‘ಕ್ಷ’ ನಮಗೆ ಒಂದು ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 3: ಕ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್), ಷ. ‘ಅನಿಸಿಕೆ 100 ಅಕ್ಷರ ಮೀರಬಾರದು’ ಅಂತ ನಿಯಮ ಹಾಕಿದರೆ ಓದುಗರು ಎಣಿಸುವ 100 ಬೇರೆ, ಕೋಡ್ ಎಣಿಸುವ 100 ಬೇರೆ.

ಪುಟ ಮುಚ್ಚಿ ತೆರೆದರೆ ಹೊಸದಾಗಿ ಸೇರಿಸಿದ ಪುಸ್ತಕಗಳು ಮಾಯವಾಗುತ್ತವೆ. ಅವನ್ನು ಉಳಿಸಲು ಬ್ರೌಸರ್‌ನಲ್ಲೇ ಲೋಕಲ್ ಸ್ಟೋರೇಜ್ ಎಂಬ ಜಾಗವಿದೆ. ಒಂದು ಸೈಟಿಗೆ ಸುಮಾರು 5 ಎಂಬಿ ಸಿಗುತ್ತದೆ. ಅಲ್ಲಿಟ್ಟದ್ದು ಆ ಬ್ರೌಸರ್‌ನಲ್ಲಿ ಮಾತ್ರ ಇರುತ್ತದೆ, ಇನ್ನೊಂದು ಫೋನ್‌ನಲ್ಲಿ ಕಾಣುವುದಿಲ್ಲ. ಎಲ್ಲ ಕಡೆ ಕಾಣಬೇಕು ಅಂದರೆ ಸರ್ವರ್ ಬೇಕು. ಫ್ರಂಟ್‌ಎಂಡ್‌ನ ಗಡಿ ಎಲ್ಲಿದೆ ಅಂತ ಕೈಗೆ ತಾಗಿ ತಿಳಿಯುವುದು ಆಗಲೇ.

ತಪ್ಪನ್ನು ಓದುವುದು

ಮೂರು ಭಾಷೆಗಳೂ ಕೆಡುವ ರೀತಿ ಬೇರೆ ಅಂತ ಮೊದಲೇ ಹೇಳಿದೆ. ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ತಿಳಿವಳಿಕೆ ಇದು.

ಎಚ್‌ಟಿಎಮ್‌ಎಲ್ ಕ್ಷಮಿಸುತ್ತದೆ. ಟ್ಯಾಗ್ ಮುಚ್ಚಲು ಮರೆತರೂ ದೂರು ಹೇಳುವುದಿಲ್ಲ, ಬ್ರೌಸರ್ ತಾನೇ ಊಹಿಸಿ ಮುಚ್ಚುತ್ತದೆ. ಊಹೆ ನಿಮ್ಮ ಮನಸ್ಸಿನಲ್ಲಿದ್ದ ಹಾಗೆ ಇರಬೇಕೆಂದಿಲ್ಲ. ಇಡೀ ಪುಟದ ಕೆಳಭಾಗ ಒಂದೇ ಕಾರ್ಡ್ ಒಳಗೆ ಸೇರಿಹೋಗಿರುತ್ತದೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ ಎಲಿಮೆಂಟ್ಸ್ ಭಾಗ ನೋಡಿ. ಅಲ್ಲಿ ಕಾಣುವುದು ಬ್ರೌಸರ್ ಅರ್ಥಮಾಡಿಕೊಂಡ ಪುಟ. ನಿಮ್ಮ ಫೈಲ್‌ನಲ್ಲಿರುವುದು ನೀವು ಬರೆದ ಪುಟ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಬೇರೆಯಾಯಿತು ಅಂತ ಸಿಗುತ್ತದೆ.

ಸಿಎಸ್ಎಸ್ ಸುಮ್ಮನೆ ಬಿಟ್ಟುಬಿಡುತ್ತದೆ. ಅರ್ಥವಾಗದ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಒಂದು ಸಾಲಿನ ಕೊನೆಯ ಅರ್ಧವಿರಾಮ ಮರೆತರೆ ಮುಂದಿನ ಸಾಲೂ ಅದಕ್ಕೇ ಅಂಟಿಕೊಂಡು ಎರಡೂ ಹೋಗುತ್ತವೆ. ಎಲ್ಲೂ ಕೆಂಪು ಸಂದೇಶ ಬರುವುದಿಲ್ಲ. ಅದೇ ಎಫ್12ರಲ್ಲಿ ಆ ವಸ್ತುವಿನ ನಿಯಮಗಳನ್ನು ನೋಡಿ. ಸೋತ ನಿಯಮದ ಮೇಲೆ ಗೀಟು ಎಳೆದಿರುತ್ತದೆ, ಅರ್ಥವಾಗದ ಸಾಲಿನ ಪಕ್ಕ ಎಚ್ಚರಿಕೆಯ ಗುರುತಿರುತ್ತದೆ. ನೀವು ಬರೆದ ನಿಯಮ ಆ ಪಟ್ಟಿಯಲ್ಲೇ ಇಲ್ಲದಿದ್ದರೆ ಕ್ಲಾಸ್ ಹೆಸರು ತಪ್ಪಾಗಿದೆ ಅಥವಾ ಫೈಲೇ ಜೋಡಣೆಯಾಗಿಲ್ಲ. ಜಾಗದ ಗೊಂದಲವಿದ್ದರೆ ಎಲ್ಲ ವಸ್ತುಗಳಿಗೂ 1 ಪಿಕ್ಸೆಲ್‌ನ ಕೆಂಪು ‘ಔಟ್‌ಲೈನ್’ ಹಾಕಿ ನೋಡಿ. ಬಾರ್ಡರ್ ಜಾಗ ತಿನ್ನುತ್ತದೆ, ಔಟ್‌ಲೈನ್ ತಿನ್ನುವುದಿಲ್ಲ. ಡಬ್ಬಿಗಳೆಲ್ಲ ಇದ್ದಲ್ಲೇ ಇದ್ದು ಕಣ್ಣಿಗೆ ಬೀಳುತ್ತವೆ.

ಜಾವಾಸ್ಕ್ರಿಪ್ಟ್ ನಿಂತುಬಿಡುತ್ತದೆ. ಇದರಲ್ಲೂ ಎರಡು ಬಗೆ. ಆವರಣ ಮುಚ್ಚದಂಥ ಬರವಣಿಗೆಯ ತಪ್ಪಿದ್ದರೆ ಆ ಫೈಲ್‌ನ ಒಂದು ಸಾಲೂ ಓಡುವುದಿಲ್ಲ. ಓಡುವಾಗ ಆದ ತಪ್ಪಾದರೆ ಅಲ್ಲಿಯವರೆಗಿನದು ನಡೆದಿರುತ್ತದೆ, ಮುಂದಿನದು ನಿಂತಿರುತ್ತದೆ. ಎರಡಕ್ಕೂ ಎಫ್12ರ ಕನ್ಸೋಲ್ ಎಂಬ ಭಾಗದಲ್ಲಿ ಕೆಂಪು ಸಂದೇಶ ಬರುತ್ತದೆ, ಜೊತೆಗೆ ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ. ಕಲಿಯುವವರಲ್ಲಿ ಹೆಚ್ಚಿನವರು ಕೆಂಪು ಕಂಡ ಕೂಡಲೇ ಕಣ್ಣು ತಿರುಗಿಸುತ್ತಾರೆ. ದಯವಿಟ್ಟು ಓದಿ. ಅದು ಬೈಗುಳವಲ್ಲ, ವಿಳಾಸ. ಶುರುವಿನಲ್ಲಿ ಎಲ್ಲರಿಗೂ ಬರುವ ಒಂದು ಸಂದೇಶ ‘ಕ್ಯಾನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’. ನೀವು ಹುಡುಕಿದ ವಸ್ತು ಪುಟದಲ್ಲಿ ಸಿಗಲಿಲ್ಲ ಅಂತ ಅರ್ಥ. ಒಂದೋ ಹೆಸರು ತಪ್ಪು. ಇಲ್ಲವೇ ಸ್ಕ್ರಿಪ್ಟ್ ‘ಹೆಡ್’ನಲ್ಲಿದೆ, ಪುಟದ ಉಳಿದ ಭಾಗ ಹುಟ್ಟುವ ಮೊದಲೇ ಅದು ಓಡಿದೆ. ಸ್ಕ್ರಿಪ್ಟ್ ಟ್ಯಾಗ್‌ಗೆ ‘ಡಿಫರ್’ ಎಂಬ ಪದ ಸೇರಿಸಿದರೆ ಪುಟ ಪೂರ್ತಿ ಓದಿದ ಮೇಲೆ ಓಡುತ್ತದೆ.

ಪ್ರಶ್ನೆ ಕೈಯಲ್ಲಿರುವಾಗ ಮಾತ್ರ ವಿಡಿಯೊ, ಲೇಖನಗಳ ಕಡೆ ಹೋಗಿ. ಮೊಜಿಲ್ಲಾದವರು 2005ರಲ್ಲಿ ಶುರು ಮಾಡಿದ ಎಮ್‌ಡಿಎನ್‌ನಲ್ಲಿ ಮೂರು ಭಾಷೆಗಳ ಪ್ರತಿ ಪದಕ್ಕೂ ವಿವರಣೆಯಿದೆ, ನಾನು ದಿನವೂ ತೆರೆಯುತ್ತೇನೆ. ಎಐ ಸಹಾಯಕಗಳ ವಿಷಯದಲ್ಲಿ ನನ್ನ ನಿಲುವು ಹೀಗಿದೆ: ‘ಬರೆದುಕೊಡು’ ಅಂತ ಕೇಳಿದರೆ ನಿರ್ಧಾರಗಳು ಮತ್ತೆ ಬೇರೆಯವರ ಕೈಗೆ ಹೋಗುತ್ತವೆ, ವಿಡಿಯೊದಲ್ಲಿ ಆದ ಹಾಗೇ. ‘ನಾನು ಹೀಗೆ ಬರೆದೆ, ಹೀಗಾಗುತ್ತಿದೆ, ಯಾಕೆ?’ ಅಂತ ಕೇಳಿದರೆ ಒಳ್ಳೆಯ ಮೇಷ್ಟ್ರು ಸಿಕ್ಕ ಹಾಗೆ. ಅದು ಕೊಟ್ಟ ಸಾಲುಗಳಲ್ಲಿ ನಿಮಗೆ ವಿವರಿಸಲು ಬಾರದ್ದನ್ನು ಫೈಲ್‌ಗೆ ಸೇರಿಸಬೇಡಿ.

ಹೊರಗೆ ಹಾಕುವುದು

ಸೈಟ್ ಪೂರ್ತಿಯಾದ ಮೇಲೆ ಹಾಕೋಣ ಅಂತ ಕಾಯಬೇಡಿ. ಬರೀ ಎಚ್‌ಟಿಎಮ್‌ಎಲ್ ಇರುವಾಗಲೇ ಹಾಕಿ. ಗಿಟ್‌ಹಬ್ ಪೇಜಸ್‌ನಂಥ ಕಡೆ ಇಂಥ ಸೈಟ್‌ಗಳನ್ನು ಉಚಿತವಾಗಿ ಇಡಬಹುದು. ಆ ನೆಪದಲ್ಲಿ ಗಿಟ್ ಕೂಡ ಅಭ್ಯಾಸವಾಗುತ್ತದೆ. ಅದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಉಪಕರಣ, ಕೋಡ್‌ನ ಹಳೆಯ ರೂಪಗಳನ್ನೆಲ್ಲ ಕಾಪಾಡಿಡುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟರೆ ನಿನ್ನೆಯದಕ್ಕೆ ಹಿಂದಿರುಗಬಹುದು. ಈ ಧೈರ್ಯ ಇದ್ದರೆ ಪ್ರಯೋಗ ಮಾಡಲು ಕೈ ಹೆದರುವುದಿಲ್ಲ.

ನಾನು ಮೊದಲ ಸಲ ಹಾಕಿದಾಗ ಅರ್ಧ ಚಿತ್ರಗಳು ಕಾಣಲಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಎಲ್ಲವೂ ಕಾಣುತ್ತಿದ್ದವು. ಒಂದು ಸಂಜೆ ಪೂರ್ತಿ ಹುಡುಕಿದೆ. ಕೆಲವು ಫೋಟೊಗಳ ಹೆಸರಿನ ಕೊನೆಯ ‘ಜೆಪಿಜಿ’ ಕ್ಯಾಪಿಟಲ್ ಅಕ್ಷರಗಳಲ್ಲಿತ್ತು, ಕೋಡ್‌ನಲ್ಲಿ ನಾನು ಸಣ್ಣ ಅಕ್ಷರಗಳಲ್ಲಿ ಬರೆದಿದ್ದೆ. ವಿಂಡೋಸ್ ಈ ಎರಡನ್ನೂ ಒಂದೇ ಅಂತ ನೋಡುತ್ತದೆ. ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಲಿನಕ್ಸ್ ಎರಡು ಬೇರೆ ಫೈಲ್ ಅಂತ ನೋಡುತ್ತದೆ. ಅಂದಿನಿಂದ ಫೈಲ್ ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡುತ್ತೇನೆ.

ಚಿತ್ರ ಕಂಡ ಮೇಲೆ ಫೋನ್‌ನಲ್ಲಿ ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. 250 ಪಿಕ್ಸೆಲ್ ಅಗಲದಲ್ಲಿ ತೋರಿಸುತ್ತಿದ್ದ ಮುಖಪುಟಗಳು ನಿಜಕ್ಕೂ 4000 ಗುಣಿಸು 3000 ಪಿಕ್ಸೆಲ್‌ನ ಫೋಟೊಗಳು. ಒಂದರಲ್ಲೇ 1.2 ಕೋಟಿ ಪಿಕ್ಸೆಲ್. ಫೈಲ್ ಎಷ್ಟೇ ಒತ್ತಿ ಸಣ್ಣದಾಗಿದ್ದರೂ ಬಿಡಿಸಿ ತೋರಿಸುವಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 48 ಎಂಬಿ ಮೆಮೊರಿ ಬೇಕು. 500 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರವಾದ ಚಿತ್ರದ ರೂಪಕ್ಕೆ ಬದಲಿಸಿದ ಮೇಲೆ ಪುಟ ಥಟ್ಟನೆ ಬಂತು.

ಕೆಲವು ತಿಂಗಳ ನಂತರ ನಾನು ಎಚ್‌ಟಿಎಮ್‌ಎಲ್ ಮುಟ್ಟದೆ, ಸಿಎಸ್ಎಸ್ ಫೈಲನ್ನು ಮಾತ್ರ ಪೂರ್ತಿ ಖಾಲಿ ಮಾಡಿ ಮತ್ತೆ ಬರೆದೆ. ಮೊದಲ ಸಲ ವಾರಗಳು ಹಿಡಿದ ಕೆಲಸ ಎರಡು ಸಂಜೆಯಲ್ಲಿ ಮುಗಿಯಿತು. ಸಾಲುಗಳು ಹಳೆಯದರ ಅರ್ಧಕ್ಕೂ ಕಡಿಮೆ ಇದ್ದವು. ‘ಇಂಪಾರ್ಟೆಂಟ್’ ಒಂದು ಕಡೆಯೂ ಬೇಕಾಗಲಿಲ್ಲ.